ಮಾರ್ಕೊ ಪಂತಾನಿ: ಪದೇ ಪದೇ ಕೇಳುವ ಪ್ರಶ್ನೆಗಳು

ಪಂತಾನಿ ಯಾರು?

ಇಟಲಿಯ ರಸ್ತೆ ಸೈಕ್ಲಿಂಗ್ ಪಟು, ಬೆಟ್ಟ ಹತ್ತುವುದರಲ್ಲಿ ಹೆಸರಾದವರು. ಹುಟ್ಟಿದ್ದು 1970ರ ಜನವರಿ 13ರಂದು ಚೆಸೆನಾ ಪಟ್ಟಣದಲ್ಲಿ, ಬೆಳೆದದ್ದು ಹತ್ತಿರದ ಕಡಲೂರು ಚೆಸೆನಾತಿಕೊದಲ್ಲಿ. 1998ರಲ್ಲಿ ಇಟಲಿ ಸುತ್ತುವ ಜಿರೊ ದಿತಾಲಿಯಾ ಮತ್ತು ಫ್ರಾನ್ಸ್ ಸುತ್ತುವ ಟೂರ್ ದ ಫ್ರಾನ್ಸ್, ಮೂರು ವಾರದ ಈ ಎರಡೂ ರೇಸ್ ಒಂದೇ ವರ್ಷ ಗೆದ್ದರು. ಅದಕ್ಕೆ ಮೊದಲು ಈ ಜೋಡಿ ಗೆಲುವು ದಕ್ಕಿದ್ದು ಆರೇ ಮಂದಿಗೆ: ಫಾಉಸ್ತೊ ಕೊಪ್ಪಿ, ಜಾಕ್ ಆಂಕೆತಿಲ್, ಎಡ್ಡಿ ಮರ್ಕ್ಸ್, ಬರ್ನಾರ್ ಇನೋ, ಸ್ಟೀಫನ್ ರೋಶ್, ಮಿಗೆಲ್ ಇಂದುರಾಯಿನ್. ಪಂತಾನಿ ನಂತರ 26 ವರ್ಷ ಯಾರಿಗೂ ಆಗಲಿಲ್ಲ. 2024ರಲ್ಲಿ ಸ್ಲೊವೇನಿಯಾದ ತದೇಯ್ ಪೊಗಾಚಾರ್ ಗೆದ್ದ ಮೇಲೆಯೇ ಆ ಪಟ್ಟಿಗೆ ಎಂಟನೆಯ ಹೆಸರು ಸೇರಿತು.

ಹೆಸರನ್ನು ಹೇಗೆ ಹೇಳಬೇಕು?

ಪಂತಾನಿ. ನಡುವಿನ ‘ತಾ’ ಎಳೆದು ಹೇಳಿ, ಸಾಕು. ‘ಪ್ಯಾಂಟನಿ’ ಅಲ್ಲ.

‘ಕಡಲ್ಗಳ್ಳ’ ಅಂತ ಯಾಕೆ ಕರೆಯುತ್ತಿದ್ದರು?

ಮೊದಲಿದ್ದ ಅಡ್ಡಹೆಸರು ‘ಎಲೆಫಾಂತಿನೊ’, ಅಂದರೆ ಪುಟ್ಟ ಆನೆ. ಅಗಲ ಕಿವಿಗಳನ್ನು ನೋಡಿ ಇಟ್ಟ ಹೆಸರು. ಬೋಳುತಲೆಗೆ ಬಂಡಾನಾ, ಕಿವಿಗೆ ಓಲೆ, ಗಲ್ಲದಲ್ಲಿ ಸಣ್ಣ ಗಡ್ಡ ಬಂದ ಮೇಲೆ ಅದು ಹಿಂದೆ ಸರಿದು ‘ಇಲ್ ಪಿರಾತಾ’, ಅಂದರೆ ಕಡಲ್ಗಳ್ಳ, ನಿಂತಿತು. ಬಂಡಾನಾ ಬರೀ ಅಲಂಕಾರವಾಗಿ ಉಳಿಯಲಿಲ್ಲ. ಏರಿನಲ್ಲಿ ಅದನ್ನು ತಲೆಯಿಂದ ಕಿತ್ತು ರಸ್ತೆಬದಿಗೆ ಎಸೆದರೆ ಇನ್ನೇನು ದಾಳಿ ಶುರು, ಅಂದರೆ ಉಳಿದವರನ್ನು ಬಿಟ್ಟು ವೇಗವಾಗಿ ಹೊರಟೇಬಿಡುತ್ತಾರೆ ಎಂದು ಎದುರಾಳಿಗೂ ಗೊತ್ತು, ಟಿವಿ ಮುಂದೆ ಕುಳಿತ ಅಜ್ಜಿಗೂ ಗೊತ್ತು. ಗೊತ್ತಿದ್ದೂ ತಡೆಯಲು ಆಗುತ್ತಿರಲಿಲ್ಲ.

ವೃತ್ತಿಪರ ರೇಸ್‌ಗಳಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 2003ರಲ್ಲಿ. ಹಾಗಾಗಿ ಹಳೆಯ ವಿಡಿಯೊಗಳಲ್ಲಿ ಬಹಳ ಮಂದಿ ಬರಿತಲೆ. ಆ ಚಿತ್ರ ನೋಡಿ ಯಾರೂ ಬಂಡಾನಾ ಕಟ್ಟಿಕೊಂಡು ಇಳಿಜಾರಿಗೆ ಇಳಿಯಬೇಡಿ.

ಸೈಕ್ಲಿಂಗ್‌ಗೆ ಬಂದದ್ದು ಹೇಗೆ?

11ನೇ ವಯಸ್ಸಿನ ಹೊತ್ತಿಗೆ ಚೆಸೆನಾತಿಕೊದ ‘ಫಾಉಸ್ತೊ ಕೊಪ್ಪಿ’ ಕ್ಲಬ್ ಸೇರಿದರು. ತಾಯಿ ತೊನೀನಾ ಪಿಯಾದೀನಾ ಮಾರುತ್ತಿದ್ದರು. ನಮ್ಮ ರೊಟ್ಟಿಯ ದಾಯಾದಿ ಅನ್ನಬಹುದಾದ, ಆ ಸೀಮೆಯ ತೆಳು ಗೋಧಿ ರೊಟ್ಟಿ ಅದು. ಹವ್ಯಾಸಿಗಳ ಜಿರೊದಲ್ಲಿ 1990ರಲ್ಲಿ ಮೂರನೆಯವರು, 1991ರಲ್ಲಿ ಎರಡನೆಯವರು, 1992ರಲ್ಲಿ ಮೊದಲಿಗರು. ಅದೇ ವರ್ಷ ಕರ್ರೇರಾ ತಂಡದ ಮೂಲಕ ವೃತ್ತಿಪರರಾದರು. ಕಡಲ ಮಟ್ಟದ ಸಪಾಟು ಊರಿನ ಹುಡುಗನೊಬ್ಬ ಆಲ್ಪ್ಸ್ ಪರ್ವತಗಳಿಗೆ ಒಡೆಯನಾದನಲ್ಲ ಎಂದು ಬೆರಗಾಗುವವರು ಊರಿನ ಹಿಂಭಾಗ ನೋಡಬೇಕು. ಕೆಲವೇ ಕಿಲೋಮೀಟರ್ ಒಳನಾಡಿಗೆ ಹೋದರೆ ರೊಮಾನ್ಯಾದ ಕಡಿದಾದ ಗುಡ್ಡಗಳು ಸಾಲಾಗಿ ಎದುರಾಗುತ್ತವೆ.

ಜಗತ್ತಿಗೆ ಪರಿಚಯವಾದದ್ದು ಯಾವ ದಿನ?

1994ರ ಜಿರೊದಲ್ಲಿ, ಜೂನ್ 4 ಮತ್ತು 5. ಮೊದಲ ದಿನ ಮೆರಾನೊದಲ್ಲಿ ಕೊನೆಗೊಂಡ ಹಂತ (ಒಂದು ದಿನದ ಓಟ) ಗೆದ್ದರು, ಅದು ವೃತ್ತಿಪರರಾಗಿ ಮೊದಲ ಗೆಲುವು. ಮರುದಿನ ಮೆರಾನೊದಿಂದ ಅಪ್ರೀಕಾಕ್ಕೆ 195 ಕಿ.ಮೀ., ದಾರಿಯಲ್ಲಿ 2,750 ಮೀಟರ್ ದಾಟುವ ಸ್ತೆಲ್ವಿಯೊ, ಆಮೇಲೆ ಮೊರ್ತಿರೊಲೊ, ಕೊನೆಗೆ ಸಾಂತಾ ಕ್ರಿಸ್ತೀನಾ. ಮೊರ್ತಿರೊಲೊ ಏರು ಮಾಜ್ಜೊ ಊರಿನ ಕಡೆಯಿಂದ ಸುಮಾರು 12.4 ಕಿ.ಮೀ., ಸರಾಸರಿ 10.5%. ಅಂದರೆ ಪ್ರತಿ 100 ಮೀಟರಿಗೆ ಹತ್ತೂವರೆ ಮೀಟರ್ ಎತ್ತರ, ಒಂದು ತಾಸಿನ ಹತ್ತಿರ ಬಿಡುವಿಲ್ಲದೆ.

ಅಲ್ಲಿ ಪಂತಾನಿ ಒಬ್ಬೊಬ್ಬರನ್ನೇ ಬಿಟ್ಟು ಮೇಲೇರಿದರು. ಆ ಕಾಲದ ದೊರೆ ಇಂದುರಾಯಿನ್ ಇಳಿಜಾರಿನಲ್ಲಿ ಬಂದು ಕೂಡಿಕೊಂಡರು. ಸಾಂತಾ ಕ್ರಿಸ್ತೀನಾದಲ್ಲಿ ಪಂತಾನಿ ಎರಡನೇ ಬಾರಿ ಎದ್ದಾಗ ಇಂದುರಾಯಿನ್ ಬಳಲಿ ಹಿಂದೆ ಉಳಿದರು. ಆ ಜಿರೊವನ್ನು ಯೆವ್ಗೇನಿ ಬೆರ್ಜಿನ್ ಗೆದ್ದರು. ಪಂತಾನಿ 2 ನಿಮಿಷ 51 ಸೆಕೆಂಡ್ ಹಿಂದೆ ಎರಡನೆಯವರು, ಇಂದುರಾಯಿನ್ ಮೂರನೆಯವರು. ಮುಂದಿನ ತಿಂಗಳು ತಮ್ಮ ಮೊದಲ ಟೂರ್ ದ ಫ್ರಾನ್ಸ್‌ನಲ್ಲಿಯೇ ಪಂತಾನಿ ಮೂರನೇ ಸ್ಥಾನ ಪಡೆದರು.

ಜೂನ್ 5 ಎಂಬ ಈ ತಾರೀಖು ನೆನಪಿರಲಿ. ಐದು ವರ್ಷದ ಮೇಲೆ ಅದೇ ದಿನ, ಅದೇ ಅಪ್ರೀಕಾಕ್ಕೆ ಹೋಗಬೇಕಿದ್ದ ಹಂತದ ಬೆಳಗ್ಗೆ, ಬದುಕು ತಲೆಕೆಳಗಾಯಿತು.

ಬೆಟ್ಟದಲ್ಲಿ ಅಷ್ಟು ವೇಗ ಹೇಗೆ ಸಾಧ್ಯವಾಯಿತು?

ಎತ್ತರ 1.72 ಮೀಟರ್, ರೇಸ್ ತೂಕ ಸುಮಾರು 57 ಕೆ.ಜಿ. ಏರಿನಲ್ಲಿ ಶಕ್ತಿಯ ಬಹುಪಾಲು ಭಾರ ಎತ್ತುವುದಕ್ಕೇ ಹೋಗುತ್ತದೆ, ಗಾಳಿಯ ತಡೆ ಕಡಿಮೆ. ಆದ್ದರಿಂದ ಎಷ್ಟು ಶಕ್ತಿ ಅನ್ನುವುದಕ್ಕಿಂತ ಪ್ರತಿ ಕಿಲೋ ತೂಕಕ್ಕೆ ಎಷ್ಟು ಅನ್ನುವುದು ಮುಖ್ಯ.

ಆಲ್ಪ್ ದ್ಯುಯೆಜ್ ಲೆಕ್ಕ ಹಾಕಿ ನೋಡೋಣ. ಏರು 13.8 ಕಿ.ಮೀ., ಸರಾಸರಿ 8.1%, ತಿರುವುಗಳು 21. 1997ರಲ್ಲಿ ಪಂತಾನಿ ತೆಗೆದುಕೊಂಡ ಸಮಯ 37 ನಿಮಿಷ 35 ಸೆಕೆಂಡ್, ಅಂದರೆ ಗಂಟೆಗೆ 22 ಕಿ.ಮೀ. ಸವಾರ, ಸೈಕಲ್, ಬಟ್ಟೆಬರೆ ಸೇರಿ 66 ಕೆ.ಜಿ. ಎಂದು ಹಿಡಿದರೆ ಭಾರ ಎತ್ತಲಿಕ್ಕೆ ಸುಮಾರು 320 ವ್ಯಾಟ್ ಬೇಕು. ಗಾಳಿ, ಟೈರ್, ಚೈನಿನ ತಡೆ ಸೇರಿಸಿದರೆ 370ರಿಂದ 390 ವ್ಯಾಟ್. ಪ್ರತಿ ಕಿಲೋಗೆ ಆರೂವರೆ ವ್ಯಾಟ್ ಮೀರುತ್ತದೆ. ದಿನವೂ ಸೈಕಲ್ ತುಳಿಯುವ ಒಳ್ಳೆಯ ಹವ್ಯಾಸಿಗೆ ಅದೇ ಅವಧಿಗೆ 3.5ರಿಂದ 4 ದಕ್ಕಿದರೆ ಖುಷಿಪಡಬೇಕು. ಈ ಅಂಕಿಯನ್ನು ಆ ಕಾಲದ ರಕ್ತದ ಕಥೆಯಿಂದ ಬಿಡಿಸಿ ಓದಲಾಗದು. ಅದು ಕೆಳಗೆ ಬರುತ್ತದೆ.

ಹ್ಯಾಂಡಲ್‌ನ ಕೆಳಬಾಗು ಹಿಡಿದು ನಿಂತು ತುಳಿಯುವುದನ್ನು ನಾವೂ ಕಲಿಯಬಹುದೇ?

ಏರಿನಲ್ಲಿ ಉಳಿದವರು ಹ್ಯಾಂಡಲ್‌ನ ಮೇಲ್ಭಾಗ ಇಲ್ಲವೇ ಬ್ರೇಕ್ ಗೂಡು ಹಿಡಿಯುತ್ತಾರೆ. ಪಂತಾನಿ ಸ್ಪ್ರಿಂಟ್ ಓಡುವವರ ಹಾಗೆ ಕೆಳಬಾಗು ಹಿಡಿದು, ಸೀಟಿನಿಂದೆದ್ದು, ನಿಮಿಷಗಟ್ಟಲೆ ತುಳಿಯುತ್ತಿದ್ದರು. ಅನುಕರಿಸಲು ಹೋದವರಿಗೆ ಸಾಮಾನ್ಯವಾಗಿ ಮೂರು ತೊಂದರೆ. ಸೊಂಟ ಮಡಚಿ ಹೊಟ್ಟೆ ಒತ್ತಿ ಉಸಿರು ಕಟ್ಟುತ್ತದೆ. ಭಾರವೆಲ್ಲ ಮುಂದಕ್ಕೆ ಬಂದು ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಜಾರುತ್ತದೆ. ಕೆಳಬೆನ್ನು ಎರಡು ದಿನ ನೋಯುತ್ತದೆ. ಕಲಿಯಲೇಬೇಕು ಅಂದರೆ 5ರಿಂದ 6% ಏರಿನಲ್ಲಿ ಒಂದು ಗೇರ್ ಭಾರ ಮಾಡಿ, 20 ತುಳಿತ ನಿಂತು, ಎರಡು ನಿಮಿಷ ಕುಳಿತು, ಮತ್ತೆ 20. ಮೊಣಕೈ ಸ್ವಲ್ಪ ಬಾಗಿರಲಿ, ಸೊಂಟ ಪೆಡಲ್ ಅಚ್ಚಿನಿಂದ ತೀರಾ ಮುಂದೆ ಹೋಗದಿರಲಿ.

ಇಳಿಜಾರಿನಲ್ಲಿ ಅವರ ಭಂಗಿ ಇನ್ನೂ ವಿಚಿತ್ರ. ಸೊಂಟವನ್ನು ಸೀಟಿನ ಹಿಂದಕ್ಕೆ ಇಳಿಸಿ, ಹೊಟ್ಟೆಯನ್ನು ಸೀಟಿಗೆ ತಾಗಿಸಿ ಹೋಗುತ್ತಿದ್ದರು. ಅದನ್ನು ದಯವಿಟ್ಟು ಕಲಿಯಬೇಡಿ. ಹಿಂದಿನ ಟೈರ್ ಸೊಂಟದಿಂದ ಕೆಲವೇ ಬೆರಳಿನ ದೂರದಲ್ಲಿರುತ್ತದೆ. ಮುಂದಿನ ಚಕ್ರಕ್ಕೆ ಭಾರ ಸಾಲದೆ ತಿರುವಿನಲ್ಲಿ ಹಿಡಿತ ತಪ್ಪುತ್ತದೆ.

ಆಲ್ಪ್ ದ್ಯುಯೆಜ್ ದಾಖಲೆ ಒಂದೊಂದು ಕಡೆ ಒಂದೊಂದು ಸಮಯ ತೋರಿಸುತ್ತದಲ್ಲ?

ಎಲ್ಲಿಂದ ಗಡಿಯಾರ ಒತ್ತಿದರು ಅನ್ನುವುದೇ ಗೊಂದಲದ ಮೂಲ. ಕೆಳಗಿನ ಬೂರ್ ದ್ವಾಸಾಂ ಊರಿನ ವೃತ್ತದಿಂದ ಎಣಿಸಿದರೆ ಒಂದು ದೂರ, ಏರು ನಿಜವಾಗಿ ಶುರುವಾಗುವ ಜಾಗದಿಂದ ಎಣಿಸಿದರೆ ಇನ್ನೊಂದು. ಹಳೆಯ ಸಮಯಗಳನ್ನು ಟಿವಿ ಚಿತ್ರ ನೋಡಿ ಕೈಯಲ್ಲಿ ಅಳೆದದ್ದೂ ಉಂಟು. ಹೀಗಾಗಿ ಕೆಲವು ಪಟ್ಟಿಗಳಲ್ಲಿ 1997ರದ್ದಲ್ಲ, 1995ರ ಪಂತಾನಿ ಓಟವೇ ಮೊದಲು. ಎರಡು ಪಟ್ಟಿ ಹೋಲಿಸುವ ಮುನ್ನ ಮೊದಲು ದೂರ ನೋಡಿ: 13.8 ಕಿ.ಮೀ. ಇರುವುದನ್ನು 14 ಮೀರಿದ್ದರೊಂದಿಗೆ ಹೋಲಿಸಬೇಡಿ. 2022ರಲ್ಲಿ ಟೂರ್ ಅಲ್ಲಿಗೆ ಹೋದಾಗಲೂ ಪಂತಾನಿ ಸಮಯ ಮುರಿಯಲಿಲ್ಲ. ಆದರೆ ಪ್ಲಾತೊ ದ ಬೇಯ್ ಬೆಟ್ಟದ 1998ರ ಸಮಯವನ್ನು ಪೊಗಾಚಾರ್ 2024ರಲ್ಲಿ 3 ನಿಮಿಷಕ್ಕೂ ಹೆಚ್ಚು ಅಂತರದಲ್ಲಿ ಮುರಿದರು.

ಅಪಘಾತಗಳು ಎಷ್ಟು?

ಬರೆದರೆ ಮುಗಿಯದಷ್ಟು. 1995ರ ಮೇ 1ರಂದು ತರಬೇತಿಯಲ್ಲಿದ್ದಾಗ ಕಾರು ಗುದ್ದಿ ಆ ವರ್ಷದ ಜಿರೊ ತಪ್ಪಿತು. ಅದೇ ವರ್ಷ ಅಕ್ಟೋಬರ್ 18ರಂದು ಮಿಲಾನೊ–ತೊರಿನೊ ರೇಸ್‌ನ ಇಳಿಜಾರಿನಲ್ಲಿ, ರೇಸ್ ನಡೆಯುತ್ತಿದ್ದ ರಸ್ತೆಗೇ ಬಂದ ವಾಹನಕ್ಕೆ ಎದುರಾಬದುರಾ ಡಿಕ್ಕಿಯಾಗಿ ಎಡಗಾಲಿನ ಎರಡೂ ಮೂಳೆ ಮುರಿದವು. 1996ರ ಬಹುಭಾಗ ಆಸ್ಪತ್ರೆ, ಊರುಗೋಲು, ಮತ್ತೆ ತುಳಿಯಲು ಕಲಿಯುವುದರಲ್ಲಿ ಕಳೆಯಿತು. ಹಿರಿಯ ತಂಡ ನಿರ್ದೇಶಕ ಲುಚಾನೊ ಪೆಜ್ಜಿ ಬೆನ್ನಿಗೆ ನಿಂತು ಪಂತಾನಿಗಾಗಿಯೇ ಮೆರ್ಕಾತೊನೆ ಊನೊ ತಂಡ ಕಟ್ಟಿದರು. 1997ರ ಜಿರೊದಲ್ಲಿ ಕಿಯುಂಜಿ ಕಣಿವೆಯ ಇಳಿಜಾರಿನಲ್ಲಿ ಬೆಕ್ಕೊಂದು ಅಡ್ಡ ಬಂದು ಬಿದ್ದು ಹಿಂದೆ ಸರಿಯಬೇಕಾಯಿತು. ಎರಡು ತಿಂಗಳ ಒಳಗೆ ಟೂರ್‌ನಲ್ಲಿ ಆಲ್ಪ್ ದ್ಯುಯೆಜ್ ಮತ್ತು ಮೊರ್ಜಿನ್ ಹಂತಗಳನ್ನು ಗೆದ್ದು ಒಟ್ಟಾರೆ ಮೂರನೆಯವರಾದರು.

ಇಟಲಿಯ ಜನ ಅವರನ್ನು ಮನೆಮಗ ಎಂದು ಒಪ್ಪಿಕೊಂಡದ್ದು 1998ರ ಗೆಲುವಿನಿಂದಲ್ಲ. ಈ ಬಿದ್ದೇಳುವ ವರ್ಷಗಳಲ್ಲೇ ಒಪ್ಪಿಕೊಂಡಿದ್ದರು.

ಟೈಮ್ ಟ್ರಯಲ್‌ನಲ್ಲಿ ಸೋಲುತ್ತಿದ್ದವರು 1998ರ ಜಿರೊ ಗೆದ್ದದ್ದು ಹೇಗೆ?

ಮೂರು ವಾರದ ರೇಸ್‌ನಲ್ಲಿ ಪ್ರತಿದಿನದ ಸಮಯ ಕೂಡಿಸುತ್ತಾರೆ, ಒಟ್ಟು ಕಡಿಮೆ ಇರುವವರು ಗೆಲ್ಲುತ್ತಾರೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್ ಸಪಾಟು ರಸ್ತೆಯಲ್ಲಿದ್ದರೆ 57 ಕೆ.ಜಿ.ಯ ಹಗುರ ದೇಹಕ್ಕೆ ನಷ್ಟ. ತ್ರಿಯೆಸ್ತೆಯ ಟೈಮ್ ಟ್ರಯಲ್‌ನಲ್ಲಿ ಅಲೆಕ್ಸ್ ಜ್ಯೂಲ್ಲೆಗೆ 3 ನಿಮಿಷಕ್ಕೂ ಹೆಚ್ಚು ಬಿಟ್ಟುಕೊಟ್ಟರು. ಎರಡು ದಿನದಲ್ಲಿ ಮಾರ್ಮೊಲಾದಾ ಏರಿನಲ್ಲಿ ದಾಳಿ ಮಾಡಿ, ಜಿರೊದಲ್ಲಿ ಒಟ್ಟು ಸಮಯದಲ್ಲಿ ಮುಂದಿರುವವರು ತೊಡುವ ಗುಲಾಬಿ ಜೆರ್ಸಿ ತೊಟ್ಟರು. ಆಮೇಲೆ ಉಳಿದ ಎದುರಾಳಿ ಪಾವೆಲ್ ತೊಂಕೊವ್. ಮೊಂತೆಕಂಪಿಯೊನೆ ಬೆಟ್ಟದಲ್ಲಿ ಪಂತಾನಿ ಮತ್ತೆ ಮತ್ತೆ ಎದ್ದರು, ತೊಂಕೊವ್ ಪ್ರತಿ ಸಲವೂ ಹಿಂದಿನ ಚಕ್ರಕ್ಕೆ ಅಂಟಿಕೊಂಡರು. ಕೊನೆಯ ಕೆಲವೇ ಕಿಲೋಮೀಟರ್ ಇರುವಾಗ ಆ ದಾರ ಕಡಿಯಿತು. ಅಂತರ 57 ಸೆಕೆಂಡ್.

ಇಷ್ಟಾದರೂ ಲುಗಾನೊದ ಕೊನೆಯ ಟೈಮ್ ಟ್ರಯಲ್ ಬಾಕಿ ಇತ್ತು. ತೊಂಕೊವ್ ಅಲ್ಲಿ ಲೆಕ್ಕ ಚುಕ್ತಾ ಮಾಡುತ್ತಾರೆ ಎಂದೇ ಬಹಳ ಮಂದಿ ನಂಬಿದ್ದರು. ಪಂತಾನಿ ಆ ದಿನ ಮೂರನೆಯವರಾಗಿ ತೊಂಕೊವ್‌ಗಿಂತ 5 ಸೆಕೆಂಡ್ ಮುಂದೆಯೇ ಬಂದರು. ಒಟ್ಟು ಅಂತರ 1 ನಿಮಿಷ 33 ಸೆಕೆಂಡ್.

ಗಾಲಿಬಿಯೆ ದಿನ ಏನಾಯಿತು?

1998ರ ಜುಲೈ 27, ಗ್ರೆನೋಬ್ಲ್‌ನಿಂದ ಲೆ ದೂಜಾಲ್ಪ್‌ವರೆಗೆ 189 ಕಿ.ಮೀ. ಟೂರ್‌ನಲ್ಲಿ ಮುಂದಿರುವವರ ಹಳದಿ ಜೆರ್ಸಿ ಜರ್ಮನಿಯ ಯಾನ್ ಉಲ್ರಿಕ್ ಮೈಮೇಲೆ, ಪಂತಾನಿ 3 ನಿಮಿಷ 1 ಸೆಕೆಂಡ್ ಹಿಂದೆ. ಗಾಲಿಬಿಯೆ ಕಣಿವೆಮಾರ್ಗದ ಎತ್ತರ 2,642 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ 700 ಮೀಟರ್ ಮೇಲೆ. ಚಳಿ, ಮಳೆ, ಮಂಜು. ಗುರಿಗೆ ಇನ್ನೂ 48 ಕಿ.ಮೀ. ಆಸುಪಾಸು ಇರುವಾಗ ಪಂತಾನಿ ಹೊರಟುಬಿಟ್ಟರು. ಅಷ್ಟು ದೂರದಿಂದ ಒಂಟಿಯಾಗಿ ಹೋಗುವುದು ಆ ಲೆಕ್ಕಾಚಾರದ ಕಾಲದಲ್ಲಿ ಹುಚ್ಚುತನ ಅನಿಸುತ್ತಿತ್ತು.

ಗೆಲುವು ಏರಿನಲ್ಲಿ ಎಷ್ಟು ನಿರ್ಧಾರವಾಯಿತೋ ತುದಿಯಲ್ಲಿಯೂ ಅಷ್ಟೇ. ಪಂತಾನಿ ಮೇಲೆ ನಿಂತರು. ಮಳೆಯಂಗಿ ತೊಟ್ಟರು. ಕೆಲವು ಸೆಕೆಂಡ್ ಹೋಯಿತು, ಆದರೆ ಮುಂದಿನ ಉದ್ದನೆಯ ಇಳಿಜಾರಿಗೆ ದೇಹ ಉಳಿಯಿತು. ಬೆವರಿ ಒದ್ದೆಯಾದ ಮೈಗೆ ಗಂಟೆಗೆ 60–70 ಕಿ.ಮೀ. ಗಾಳಿ ಹೊಡೆದರೆ ಹತ್ತು ನಿಮಿಷದಲ್ಲಿ ಬೆರಳು ಮರಗಟ್ಟುತ್ತದೆ. ಬೆರಳು ಮಡಚದಿದ್ದರೆ ಬ್ರೇಕ್ ಹಿಡಿಯಲಾಗದು, ಬೆನ್ನ ಜೇಬಿನಿಂದ ತಿನಿಸು ತೆಗೆಯಲಾಗದು. ತಿನ್ನದಿದ್ದರೆ ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ ಮುಗಿದು ಕಾಲು ಕಟ್ಟಿಗೆಯಾಗುತ್ತದೆ. ಬೆಟ್ಟದ ಮೇಲೆ ಮಳೆಯಲ್ಲಿ ಸೋತವರ ಕಥೆ ಬಹುತೇಕ ಇದೇ ಸರಪಳಿ. ಆ ದಿನ ಉಲ್ರಿಕ್ ಕೊನೆಯ ಏರನ್ನು ತಂಡದವರ ಆಸರೆಯಲ್ಲಿ ಮುಗಿಸಿದರು.

ಸಮಯದ ಲೆಕ್ಕ ಹೀಗೆ: ಉಲ್ರಿಕ್ 8 ನಿಮಿಷ 57 ಸೆಕೆಂಡ್ ತಡವಾಗಿ ಬಂದರು. ಹಿಂದಿದ್ದ 3:01 ಕಳೆದು ಪಂತಾನಿ 5:56 ಮುಂದೆ. ಕೊನೆಯ ಟೈಮ್ ಟ್ರಯಲ್‌ನಲ್ಲಿ ಉಲ್ರಿಕ್ ವಾಪಸ್ ಪಡೆದದ್ದು 2:35. ಪ್ಯಾರಿಸ್‌ನಲ್ಲಿ ಉಳಿದ ಅಂತರ 3:21. ಅಮೆರಿಕದ ಬಾಬಿ ಜೂಲಿಕ್ ಮೂರನೆಯವರು. 1965ರ ಫೆಲಿಚೆ ಜಿಮೊಂದಿ ನಂತರ ಟೂರ್ ಗೆದ್ದ ಮೊದಲ ಇಟಲಿಯವರು ಪಂತಾನಿ. ಡಬ್ಲಿನ್‌ನಲ್ಲಿ ಶುರುವಾದ ಅದೇ ಟೂರ್‌ನ ಮೊದಲ ದಿನ ಅವರು 181ನೇ ಸ್ಥಾನದಲ್ಲಿದ್ದರು. ಪ್ಯಾರಿಸ್‌ಗೆ ಬಂದಾಗ ಗಡ್ಡಕ್ಕೆ ಹಳದಿ ಬಣ್ಣ, ತಂಡದವರ ತಲೆಗೂದಲಿಗೂ ಹಳದಿ ಬಣ್ಣ.

ಒರೋಪಾದಲ್ಲಿ ಚೈನ್ ಕಳಚಿದ ಕಥೆ ನಿಜವೇ?

ನಿಜ. 1999ರ ಜಿರೊ, 15ನೇ ಹಂತ. ಗುಲಾಬಿ ಜೆರ್ಸಿ ತೊಟ್ಟಿದ್ದ ಪಂತಾನಿಗೆ ಗುರಿಗೆ ಸುಮಾರು 8 ಕಿ.ಮೀ. ಇರುವಾಗ ಚೈನ್ ಕೈಕೊಟ್ಟಿತು. ರಸ್ತೆಬದಿಗೆ ಇಳಿದು, ಬಗ್ಗಿ, ಕೈಯಲ್ಲೇ ಏರಿಸಿಕೊಂಡರು. ಅಷ್ಟರಲ್ಲಿ ಗುಂಪು ಪೂರ್ತಿ ದಾಟಿ ಹೋಗಿತ್ತು. ತಂಡದವರು ಕಾದು ಮುಂದೆ ಎಳೆದುಕೊಂಡು ಹೋದರು, ಆಮೇಲೆ ಪಂತಾನಿ ಒಬ್ಬರೇ. 49 ಮಂದಿಯನ್ನು ದಾಟಿ, ಕೊನೆಗೆ ಲೊರಾಂ ಜಲಾಬೆರ್ ಅವರನ್ನೂ ಹಿಂದೆ ಹಾಕಿ 21 ಸೆಕೆಂಡ್ ಅಂತರದಲ್ಲಿ ಗೆದ್ದರು. ಗೆರೆ ದಾಟುವಾಗ ಕೈ ಎತ್ತಲಿಲ್ಲ. ಇನ್ನೂ ಯಾರಾದರೂ ಮುಂದೆ ಇದ್ದಾರೇನೋ ಎಂಬ ಅನುಮಾನ.

ನಿಮ್ಮ ಸೈಕಲ್‌ನಲ್ಲಿಯೂ ಏರು ಶುರುವಾಗುವ ಜಾಗದಲ್ಲೇ ಚೈನ್ ಬೀಳುತ್ತಿದ್ದರೆ ಇದನ್ನು ನೋಡಿ. ಕಾಲಿನ ಒತ್ತಡ ಪೂರ್ತಿ ಇರುವಾಗ ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಬದಲಿಸಿದರೆ ಚೈನ್ ಜಿಗಿದು ಒಳಗೆ ಬೀಳುತ್ತದೆ. ಏರಿಗೆ ಹತ್ತು ಮೀಟರ್ ಮೊದಲೇ, ಒಂದು ತುಳಿತ ಹಗುರ ಮಾಡಿ ಬದಲಿಸಿ. ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಮುಂದಿನ ಡಿರೇಲರ್‌ನ ಹೊರತಟ್ಟೆ ದೊಡ್ಡ ಚಕ್ರದ ಹಲ್ಲಿಗಿಂತ 1ರಿಂದ 3 ಮಿ.ಮೀ. ಮೇಲಿರಬೇಕು. ಚೈನನ್ನು ಮುಂದೆ ಚಿಕ್ಕ ಚಕ್ರಕ್ಕೆ, ಹಿಂದೆ ಅತಿ ದೊಡ್ಡ ಚಕ್ರಕ್ಕೆ ಹಾಕಿ, ಒಳತಟ್ಟೆಗೂ ಚೈನಿಗೂ ಅರ್ಧ ಮಿ.ಮೀ. ಅಂತರ ಉಳಿಯುವಷ್ಟು ಒಳಮಿತಿ ಸ್ಕ್ರೂ ತಿರುಗಿಸಿ. ಅಂತರ ಹೆಚ್ಚಾದರೆ ಚೈನ್ ಬೀಳುತ್ತದೆ, ಕಡಿಮೆಯಾದರೆ ಉಜ್ಜುತ್ತದೆ.

1999ರ ಜೂನ್ 5ರಂದು ಏನಾಯಿತು?

ಅಂದು ಬೆಳಗ್ಗೆ ಮಡೊನ್ನಾ ದಿ ಕಂಪೀಲ್ಯೊದಲ್ಲಿ ರಕ್ತ ಪರೀಕ್ಷೆ ನಡೆಯಿತು. ಪಂತಾನಿಯ ಹೆಮಟೋಕ್ರಿಟ್ 52% ಬಂತು, ಮಿತಿ 50%. ಕೂಡಲೇ ರೇಸ್‌ನಿಂದ ಹೊರಗೆ. ಹಿಂದಿನ ದಿನವಷ್ಟೇ ಅದೇ ಊರಿನಲ್ಲಿ ಆ ಜಿರೊದ ತಮ್ಮ ನಾಲ್ಕನೇ ಹಂತದ ಗೆಲುವು ಪಡೆದಿದ್ದರು. ಎರಡನೇ ಸ್ಥಾನದ ಪಾಓಲೊ ಸವೊಲ್ದೆಲ್ಲಿಗಿಂತ 5 ನಿಮಿಷ 38 ಸೆಕೆಂಡ್ ಮುಂದಿದ್ದರು. ಉಳಿದದ್ದು ಎರಡೇ ದಿನ. ಪೂರ್ತಿ ತಂಡ ಹಿಂದೆ ಸರಿಯಿತು. ಸವೊಲ್ದೆಲ್ಲಿ ಆ ದಿನ ಗುಲಾಬಿ ಜೆರ್ಸಿ ತೊಟ್ಟು ಹೊರಡಲು ಒಪ್ಪಲಿಲ್ಲ. ಜಿರೊ ಗೆದ್ದದ್ದು ಇವಾನ್ ಗೊತ್ತಿ.

ಹೆಮಟೋಕ್ರಿಟ್ ಅಂದರೇನು? 52% ಬಂದರೆ ಡೋಪಿಂಗ್ ಸಾಬೀತಾಯಿತೇ?

ರಕ್ತದ ಒಟ್ಟು ಗಾತ್ರದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಎಂಬುದೇ ಹೆಮಟೋಕ್ರಿಟ್. ಗಂಡಸರಲ್ಲಿ ಸಾಮಾನ್ಯವಾಗಿ 40ರಿಂದ 50%. ಕೆಂಪು ಕಣ ಹೆಚ್ಚಾದರೆ ಆಮ್ಲಜನಕ ಹೆಚ್ಚು, ದಮ್ಮು ಹೆಚ್ಚು. ಮೂತ್ರಪಿಂಡದಲ್ಲಿ ಸಹಜವಾಗಿ ಹುಟ್ಟುವ ಇಪಿಒ ಎಂಬ ಹಾರ್ಮೋನ್ ಈ ಕಣಗಳನ್ನು ಹೆಚ್ಚಿಸುತ್ತದೆ. 1990ರ ದಶಕದಲ್ಲಿ ಅದರ ಇಂಜೆಕ್ಷನ್ ಸವಾರರ ಗುಂಪಿನ ತುಂಬ ಹಬ್ಬಿತ್ತು, ಪತ್ತೆಹಚ್ಚುವ ಪರೀಕ್ಷೆ ಮಾತ್ರ 2000ದವರೆಗೂ ಬಂದಿರಲಿಲ್ಲ. ಹಾಗಾಗಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1997ರಲ್ಲಿ 50% ಮಿತಿ ತಂದಿತು. ಮೀರಿದರೆ ‘ಆರೋಗ್ಯದ ದೃಷ್ಟಿಯಿಂದ’ 15 ದಿನ ವಿರಾಮ. ಅದು ಡೋಪಿಂಗ್ ತೀರ್ಪಲ್ಲ.

ಈ ನಿಯಮದ ದೊಡ್ಡ ದೋಷ ಏನೆಂದರೆ, ನೀರು ಕಡಿಮೆಯಾದರೂ ಅಂಕಿ ಏರುತ್ತದೆ, ಸಲೈನ್ ಏರಿಸಿಕೊಂಡರೆ ಇಳಿಯುತ್ತದೆ. ಸಹಜವಾಗಿ 41% ಇರುವವರು 49.5% ತನಕ ಏರಿಸಿಕೊಂಡರೂ ಪಾಸಾಗುತ್ತಿದ್ದರು. ಒಬ್ಬೊಬ್ಬರ ರಕ್ತದ ಅಂಕಿಗಳನ್ನು ವರ್ಷಗಟ್ಟಲೆ ದಾಖಲಿಸುವ ಜೈವಿಕ ಪಾಸ್‌ಪೋರ್ಟ್ ಬಂದದ್ದು 2008ರಲ್ಲಿ.

ಹಾಗಾದರೆ ಪಂತಾನಿ ಡೋಪಿಂಗ್ ಮಾಡಿದ್ದರೇ ಇಲ್ಲವೇ?

ಸುತ್ತಿಬಳಸಿ ಹೇಳುವುದು ಬೇಡ. ಸಾಕ್ಷ್ಯ ಹೌದು ಎನ್ನುತ್ತದೆ. 1995ರ ಮಿಲಾನೊ–ತೊರಿನೊ ಅಪಘಾತದ ನಂತರ ಆಸ್ಪತ್ರೆಯಲ್ಲಿ ಅಳೆದ ಹೆಮಟೋಕ್ರಿಟ್ 60% ದಾಟಿತ್ತು. ಆ ಪ್ರಕರಣದಲ್ಲಿ 2000ದಲ್ಲಿ ಶಿಕ್ಷೆಯಾಗಿ, ಆ ಕಾನೂನು ಅನ್ವಯಿಸುವುದಿಲ್ಲ ಎಂದು ಮೇಲ್ಮನವಿಯಲ್ಲಿ ಬಿದ್ದುಹೋಯಿತು. 2001ರ ಜಿರೊ ವೇಳೆ ಪೊಲೀಸ್ ದಾಳಿಯಲ್ಲಿ ಅವರ ಕೋಣೆಯಲ್ಲಿ ಇನ್ಸುಲಿನ್ ಇದ್ದ ಸಿರಿಂಜ್ ಸಿಕ್ಕಿತೆಂಬ ಕಾರಣಕ್ಕೆ 2002ರಲ್ಲಿ ನಿಷೇಧ ಬಂತು. 2013ರ ಜುಲೈನಲ್ಲಿ ಫ್ರಾನ್ಸ್ ಸೆನೆಟ್ ವರದಿ 1998ರ ಟೂರ್‌ನ ಹಳೆಯ ಮೂತ್ರದ ಮಾದರಿಗಳ ಮರುಪರೀಕ್ಷೆಯ ವಿವರ ಪ್ರಕಟಿಸಿತು. ಪಂತಾನಿ ಮಾದರಿಯಲ್ಲಿ ಇಪಿಒ ಇತ್ತು.

ಇದರ ಜೊತೆಗೆ ಇನ್ನೊಂದು ಸತ್ಯವನ್ನೂ ಇಡಬೇಕು. ಉಲ್ರಿಕ್ ಮಾದರಿಯಲ್ಲಿಯೂ ಇತ್ತು, ಅವರು ಮುಂದೆ ತಾವೇ ಒಪ್ಪಿಕೊಂಡರು. ಜೂಲಿಕ್ 2012ರಲ್ಲಿ ಒಪ್ಪಿಕೊಂಡರು. 1996ರ ಟೂರ್ ವಿಜೇತ ಬ್ಯಾರ್ನ ರೀಸ್ 2007ರಲ್ಲಿ, ಲಾನ್ಸ್ ಆರ್ಮ್‌ಸ್ಟ್ರಾಂಗ್ 2013ರಲ್ಲಿ ಒಪ್ಪಿಕೊಂಡರು. 1998ರ ಟೂರ್‌ನಲ್ಲಿ ಫೆಸ್ತಿನಾ ತಂಡದ ಕಾರಿನಲ್ಲಿ ಡೋಪಿಂಗ್ ಔಷಧಿಗಳು ಸಿಕ್ಕಿ ಇಡೀ ತಂಡವೇ ಹೊರಬಿದ್ದಿತ್ತು. ಬೇರೆಯವರೂ ಮಾಡಿದರು ಅನ್ನುವುದರಿಂದ ತಪ್ಪು ತಪ್ಪಲ್ಲದೆ ಹೋಗುವುದಿಲ್ಲ. ಆದರೆ ಇಡೀ ಕಾಲದ ಭಾರವನ್ನು ಒಬ್ಬರ ಹೆಗಲಿಗೆ ಹೊರಿಸಿದ್ದು ಅನ್ಯಾಯ ಎಂಬ ಭಾವನೆ ಇಟಲಿಯಲ್ಲಿ ಇಂದಿಗೂ ಆರಿಲ್ಲ. ಆ ಭಾವನೆ ಸುಳ್ಳೂ ಅಲ್ಲ.

ಪ್ರಶಸ್ತಿಗಳನ್ನು ವಾಪಸ್ ಪಡೆಯಲಿಲ್ಲ ಏಕೆ?

2013ರ ಫಲಿತಾಂಶ ಸಂಶೋಧನೆಯ ಪರೀಕ್ಷೆ. ಎರಡನೇ ಮಾದರಿಯ ದೃಢೀಕರಣವಿಲ್ಲ, ಉತ್ತರ ಕೊಡಲು ಮನುಷ್ಯನೇ ಇಲ್ಲ. ಶಿಸ್ತುಕ್ರಮಕ್ಕೆ ಅದು ಸಾಲದು. ಹಾಗಾಗಿ 1998ರ ಜಿರೊ, ಟೂರ್, ಜೊತೆಗೆ ಜಿರೊದ 8 ಮತ್ತು ಟೂರ್‌ನ 8 ಹಂತಗಳ ಗೆಲುವು ದಾಖಲೆಯಲ್ಲಿ ಹಾಗೆಯೇ ಇವೆ.

ಮಾಫಿಯಾ ಪಿತೂರಿ ಎನ್ನುತ್ತಾರಲ್ಲ?

ಪಂತಾನಿ ಗೆಲುವಿನ ಮೇಲೆ ಜನ ಕಟ್ಟಿದ್ದ ಅಕ್ರಮ ಬಾಜಿ ಹಣ ಕೊಡಬೇಕಾಗುತ್ತದೆಂದು ನೇಪಲ್ಸ್‌ನ ಕಮೊರಾ ಗ್ಯಾಂಗ್ ರಕ್ತದ ಮಾದರಿ ಕೆಡಿಸಿತು ಎಂಬ ಆರೋಪ ಅದು. ಫೋರ್ಲಿಯ ಸರ್ಕಾರಿ ವಕೀಲರು 2014ರಲ್ಲಿ ತನಿಖೆ ತೆರೆದು 2016ರಲ್ಲಿ ಮುಚ್ಚಿದರು. ಯಾರ ಮೇಲೂ ಅಪರಾಧ ಸಾಬೀತಾಗಿಲ್ಲ.

ಆಮೇಲೆ ರೇಸ್ ಓಡಲೇ ಇಲ್ಲವೇ?

ಓಡಿದರು. 2000ದ ಜಿರೊದಲ್ಲಿ ಸಹ ಸವಾರ ಸ್ತೆಫಾನೊ ಗಾರ್ಜೆಲ್ಲಿ ಗೆಲ್ಲಲು ನೆರವಾದರು. ಅದೇ ವರ್ಷದ ಟೂರ್‌ನಲ್ಲಿ ಮಾಂ ವಾಂತು ಬೆಟ್ಟವನ್ನು ಆರ್ಮ್‌ಸ್ಟ್ರಾಂಗ್ ಜೊತೆ ಮುಗಿಸಿ ಗೆದ್ದರು. ಗೆಲುವು ತಾನು ಬಿಟ್ಟುಕೊಟ್ಟದ್ದು ಎಂದು ಆರ್ಮ್‌ಸ್ಟ್ರಾಂಗ್ ಹೇಳಿದ್ದು ಪಂತಾನಿಗೆ ನಾಟಿತು. ಮೂರು ದಿನದ ನಂತರ ಕುರ್ಶೆವೆಲ್ ಬೆಟ್ಟವನ್ನು ಒಬ್ಬರೇ ಏರಿ ಗೆದ್ದರು. ಅದೇ ವೃತ್ತಿಯ ಕೊನೆಯ ಗೆಲುವು. 2003ರ ಜಿರೊದಲ್ಲಿ 14ನೇ ಸ್ಥಾನ.

ಸಾವು ಹೇಗಾಯಿತು?

2004ರ ಫೆಬ್ರವರಿ 14ರಂದು ರಿಮಿನಿಯ ಹೋಟೆಲ್ ಕೋಣೆಯೊಂದರಲ್ಲಿ, 34ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾರಣ ಅತಿಯಾದ ಕೊಕೇನ್ ಸೇವನೆ. ಖಿನ್ನತೆ, ಕೊಕೇನ್ ವ್ಯಸನ ಹಿಂದಿನ ವರ್ಷಗಳಿಂದಲೇ ಇದ್ದವು. 2003ರಲ್ಲಿ ಚಿಕಿತ್ಸೆಗೂ ಸೇರಿದ್ದರು. ಇದು ಕೊಲೆ ಎಂದು ತಾಯಿ ತೊನೀನಾ ಮತ್ತೆ ಮತ್ತೆ ಹೇಳಿದ್ದಾರೆ. ರಿಮಿನಿಯಲ್ಲಿ 2014ರಲ್ಲಿ ಮರುತೆರೆದ ತನಿಖೆ 2016ರಲ್ಲಿ ಕೊಲೆಗೆ ಆಧಾರವಿಲ್ಲ ಎಂದು ಮುಗಿಯಿತು. ಚೆಸೆನಾತಿಕೊದ ಅಂತಿಮಯಾತ್ರೆಗೆ ಸುಮಾರು 20,000 ಜನ ಬಂದಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ಜನ ಯಾಕೆ ಪ್ರೀತಿಸುತ್ತಾರೆ?

ಇಂದುರಾಯಿನ್ ಕಾಲದ ರೇಸ್ ಹೀಗಿತ್ತು: ಟೈಮ್ ಟ್ರಯಲ್‌ನಲ್ಲಿ ಸಮಯ ಗಳಿಸು, ಬೆಟ್ಟದಲ್ಲಿ ಕಾಪಾಡಿಕೋ. ಜನ ಅದನ್ನು ಗೌರವಿಸಿದರು, ಎದೆಗೆ ಹಚ್ಚಿಕೊಳ್ಳಲಿಲ್ಲ. ಪಂತಾನಿ ಬಂದು ಗುರಿ ಇನ್ನೂ 40–50 ಕಿ.ಮೀ. ಇರುವಾಗ ಎದ್ದು ಹೊರಟರು. ಎಷ್ಟೋ ಸಲ ಸೋತರು. ನೋಡುವವರಿಗೆ ಮಾತ್ರ ಆ ಮಧ್ಯಾಹ್ನ ಏನು ಬೇಕಾದರೂ ಆಗಬಹುದು ಎಂಬ ಭರವಸೆ ಇರುತ್ತಿತ್ತು. ಪುಟ್ಟ ದೇಹ, ಬೋಳುತಲೆ, ಮುರಿದ ಕಾಲು. ನೋಡಿದವರಿಗೆ ಇದು ನಮ್ಮ ಬೀದಿಯ ಹುಡುಗ ಅನಿಸುತ್ತಿತ್ತು. ರಕ್ತದ ಅಂಕಿಯನ್ನು ಮುಚ್ಚಿಟ್ಟು ಅವರನ್ನು ಪ್ರೀತಿಸಬೇಕಿಲ್ಲ. ಅಂಕಿ ಗೊತ್ತಿದ್ದವರೂ ಒರೋಪಾದ ವಿಡಿಯೊ ನೋಡುವಾಗ ಕುರ್ಚಿಯ ಅಂಚಿಗೆ ಬರುತ್ತಾರೆ.

ಜಿರೊ ಸಂಘಟಕರು 2004ರಿಂದ ಪ್ರತಿ ವರ್ಷ ಒಂದು ಏರನ್ನು ‘ಮೊಂತಾನ್ಯಾ ಪಂತಾನಿ’, ಅಂದರೆ ಪಂತಾನಿ ಬೆಟ್ಟ ಎಂದು ಗುರುತಿಸುತ್ತಾರೆ. 2017ರಲ್ಲಿ ಆ ಗೌರವ ಒರೋಪಾದ್ದು. ಮೊರ್ತಿರೊಲೊದಲ್ಲಿ ಸ್ಮಾರಕ, ಗಾಲಿಬಿಯೆಯಲ್ಲಿ ದಾಳಿ ನಡೆದ ಕಡೆ ಸ್ಮಾರಕ.

ಅವರು ಓಡಿಸಿದ ಸೈಕಲ್ ಯಾವುದು?

1997ರಲ್ಲಿ ವಿಲಿಯೆರ್, 1998ರ ಜೋಡಿ ಗೆಲುವು ಬಿಯಾಂಕಿ ಮೇಲೆ. ಅಲ್ಯೂಮಿನಿಯಂ ಚೌಕಟ್ಟು, ಬಿಯಾಂಕಿಯ ತಿಳಿ ಹಸಿರುನೀಲಿಗೆ ಹಳದಿ ಬೆರೆತ ಬಣ್ಣ, ಹಿಂದೆ 9 ಗೇರಿನ ಕಂಪಾನ್ಯೊಲೊ ಬಿಡಿಭಾಗ. ಆ ಬಣ್ಣದ ಮರುತಯಾರಿಗಳು ಮಾರುಕಟ್ಟೆಯಲ್ಲಿ ಬಹಳ ಇವೆ. ಹಳೆಯ ಅಲ್ಯೂಮಿನಿಯಂ ಚೌಕಟ್ಟು ಕೊಳ್ಳುವವರು ಪೆಡಲ್ ಅಚ್ಚಿನ ಗೂಡಿನ ಸುತ್ತ, ಹಿಂಚಕ್ರದ ಕವಲು ಸೇರುವ ಕಡೆ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯ ಬಿರುಕಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು. ಬಣ್ಣದಲ್ಲಿ ಗೆರೆಯಂತೆ ಕಂಡದ್ದು ಎಷ್ಟೋ ಸಲ ಲೋಹದ ಬಿರುಕೇ ಆಗಿರುತ್ತದೆ.

ಚೆಸೆನಾತಿಕೊಗೆ ಹೋದರೆ ಏನು ನೋಡಬಹುದು?

ರಿಮಿನಿ–ರವೆನ್ನಾ ರೈಲು ಮಾರ್ಗದಲ್ಲಿ ಚೆಸೆನಾತಿಕೊ ನಿಲ್ದಾಣ ಸಿಗುತ್ತದೆ. ಇಳಿದರೆ ಪಕ್ಕದಲ್ಲೇ ‘ಸ್ಪಾತ್ಸಿಯೊ ಪಂತಾನಿ’ ಸಂಗ್ರಹಾಲಯ. ಸೈಕಲ್‌ಗಳು, ಜೆರ್ಸಿಗಳು ಅಲ್ಲಿವೆ. ಕಡಲ ಬದಿಯಲ್ಲಿ ಪ್ರತಿಮೆ, ಊರಿನ ಸ್ಮಶಾನದಲ್ಲಿ ಸಮಾಧಿ.

ಸೈಕಲ್ ತಂದವರು ಮೊಂತೆ ಕಾರ್ಪೆನ್ಯಾಗೆ ಹೋಗಿ. ‘ನನಗೆ ಕಾರ್ಪೆನ್ಯಾ ಸಾಕು’ ಎಂಬ ಪಂತಾನಿಯ ಮಾತು ಪ್ರಸಿದ್ಧ. ದೊಡ್ಡ ರೇಸ್‌ಗಳ ತಯಾರಿ ಅಲ್ಲೇ ನಡೆಯುತ್ತಿತ್ತು. ಚಿಪ್ಪೊ ಎಂಬ ತುದಿಯ ತನಕ ಸುಮಾರು 6 ಕಿ.ಮೀ., ಸರಾಸರಿ 10% ಹತ್ತಿರ. ಹಿಂದೆ 28 ಹಲ್ಲಿನ ಗೇರ್ ಮಾತ್ರ ಇದ್ದರೆ ಅರ್ಧದಲ್ಲೇ ನಡೆಯಬೇಕಾದೀತು. ಮುಂದೆ 34, ಹಿಂದೆ 32 ಅಥವಾ 34 ಹಾಕಿಕೊಳ್ಳಿ. ಮೊದಲ ಒಂದು ಕಿಲೋಮೀಟರ್ ಬೇಕೆಂದೇ ನಿಧಾನ ಹೋಗಿ. ಪಂತಾನಿ ಹೆಸರು ರಸ್ತೆ ಮೇಲೆ ಬರೆದದ್ದು ಕಂಡ ಹುಮ್ಮಸ್ಸಿಗೆ ಅಲ್ಲೇ ದಮ್ಮು ಕಳೆದುಕೊಳ್ಳುವವರು ಬಹಳ.

ಹುಡುಗನಾಗಿ ಪಂತಾನಿ ಸೇರಿದ ಅದೇ ಫಾಉಸ್ತೊ ಕೊಪ್ಪಿ ಕ್ಲಬ್ 1971ರಿಂದ ನೊವೆ ಕೊಲ್ಲಿ, ಅಂದರೆ ಒಂಬತ್ತು ಗುಡ್ಡ, ಎಂಬ ಹವ್ಯಾಸಿ ಸವಾರಿ ನಡೆಸುತ್ತಿದೆ. ಉದ್ದದ ಮಾರ್ಗ 205 ಕಿ.ಮೀ., ಸಾಮಾನ್ಯವಾಗಿ ಮೇ ತಿಂಗಳಲ್ಲಿ. ಹೊರಡುವುದೂ ಮುಗಿಯುವುದೂ ಚೆಸೆನಾತಿಕೊದ ಕಡಲಂಚಿನಲ್ಲಿ. ಬೇಗ ಭರ್ತಿಯಾಗುತ್ತದೆ, ಇಟಲಿಯ ನಿಯಮದಂತೆ ವೈದ್ಯಕೀಯ ಪ್ರಮಾಣಪತ್ರವೂ ಬೇಕಾಗುತ್ತದೆ. ಆದ್ದರಿಂದ ಟಿಕೆಟ್ ಕಾಯ್ದಿರಿಸುವ ಮೊದಲು ನೋಂದಣಿ ಮುಗಿಸಿಕೊಳ್ಳಿ.

ಯಾವ ರೇಸ್‌ನ ವಿಡಿಯೊ ಮೊದಲು ನೋಡಬೇಕು?

1999ರ ಒರೋಪಾ. ಚೈನ್ ಕಳಚುವ ಕ್ಷಣದಿಂದ ಶುರುಮಾಡಿ, ನಿಲ್ಲಿಸದೆ ಕೊನೆಯವರೆಗೆ. ನಂತರ 1998ರ ಮೊಂತೆಕಂಪಿಯೊನೆಯ ಕೊನೆಯ 5 ಕಿ.ಮೀ. ನೋಡಿ, ಪಂತಾನಿಯ ಜೊತೆಗೆ ಹಿಂದಿನ ತೊಂಕೊವ್ ಭುಜಗಳನ್ನೂ ಗಮನಿಸಿ. ಗಾಲಿಬಿಯೆ ಮೂರನೆಯದಾಗಿರಲಿ. ಮಳೆಯಿಂದ ಚಿತ್ರ ಮಸುಕಾಗಿರುತ್ತದೆ. ತುದಿಯಲ್ಲಿ ಮಳೆಯಂಗಿ ತೊಡುವ ದೃಶ್ಯವನ್ನು ತಪ್ಪಿಸಿಕೊಳ್ಳಬೇಡಿ.